ಗವಸಿನೊಳಗಿನ ಕಾಳು

ಸ್ವಂತ ಅಣ್ಣ ಬಾಗಿಲು ತೆರೆದು, ಪಕ್ಕಕ್ಕೆ ಸರಿದು ನಿಂತು, "ಬನ್ನಿ ಅಮ್ಮಾ, ಒಳಗೆ ಬನ್ನಿ. ಯಾರು ಬೇಕಾಗಿತ್ತು ನಿಮಗೆ?" ಎಂದು ಕೇಳಿದರೆ ತಂಗಿಯಾದವಳು ಏನು ಉತ್ತರ ಕೊಡಬೇಕು? ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತಲೆಗೊಂದು ಮೊಟಕಿದ್ದರೆ ಸಂತೋಷವೇ ಆಗುತ್ತಿತ್ತು. ಹುಟ್ಟಿದಾಗಿನಿಂದ "ಏ, ಬಾರೇ, ಹೋಗೇ" ಎಂದ ಬಾಯಿಂದ ಈಗ ಇಷ್ಟೊಂದು ಮರ್ಯಾದೆ ಬಂದರೆ ಅದನ್ನು ಎಲ್ಲಿಟ್ಟುಕೊಳ್ಳುವುದು?

ಹೊರಗಿನ ಚಿಲಕ ತಾನೇ ಸರಿಸಿ ಬಾಗಿಲು ತಟ್ಟಿದ್ದ ಚಾದರದಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದಳು. "ನಾನು ಕಣೋ ಅಣ್ಣ," ಎಂದಳು.

"ಒಳ್ಳೇದಮ್ಮಾ, ಕೂತ್ಕೊಳ್ಳಿ. ಹಾಸಿಗೆ ಹೊಲಿಸೋದಿತ್ತಾ? ಒಂಟಿಯೋ, ಜೋಡಿಯೋ?"

ಅವಳನ್ನು ಚಾದರದಮ್ಮ ಎನ್ನುವವರು ಅವಳು ಕೆಲಸ ಮಾಡುವ ಲಾಡ್ಜಿನವರು. ಮೆಟ್ಟಿಲ ಕೆಳಗಿನ ಬಟ್ಟೆ ಕೋಣೆ ಅವಳ ರಾಜ್ಯ. ಒಗೆದು ಬಂದ ಚಾದರಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ತೂತು ಹುಡುಕುವುದು, ತೇಪೆ ಹಾಕುವುದು, ಮೂಲೆಗೆ ಮೂಲೆ ಸೇರಿಸಿ ಮಡಚುವುದು, ದಿಂಬಿನ ಗವಸುಗಳನ್ನು ತಿರುವಿ ಯಾರ್‍ಯಾರದೋ ಕೂದಲು ಕೊಡವುವುದು. ಗಂಡ ತೀರಿಹೋದ ಮೇಲೆ ಲಾಡ್ಜಿನ ಹಿಂಭಾಗದ ಚಿಕ್ಕ ಕೋಣೆಯಲ್ಲೇ ಅವಳ ವಾಸ. ಮಕ್ಕಳಿಲ್ಲ. ಮ್ಯಾನೇಜರಿಗೆ ಅವಳು ಚಾದರದಮ್ಮ, ಅಣ್ಣನ ಮಗಳಿಗೆ ಅತ್ತೆ, ಎದುರಿನ ಅಂಗಡಿಯವನಿಗೆ ಅಜ್ಜಿ. ಅವಳನ್ನು "ಕಾಳು" ಎಂದು ಕರೆಯುವವರು ಇಡೀ ಪ್ರಪಂಚದಲ್ಲಿ ಒಬ್ಬರೇ ಉಳಿದಿದ್ದರು. ಆ ಒಬ್ಬರು ಈಗ ಎದುರಿಗೆ ಕೂತು ಒಂಟಿಯೋ ಜೋಡಿಯೋ ಎಂದು ಕೇಳುತ್ತಿದ್ದರು.

ಅಂದು ಗುರುವಾರ. ಭಾನುವಾರ ಬೆಳಿಗ್ಗೆ ಅಣ್ಣನನ್ನು ಕರೆದುಕೊಂಡು ಹೋಗುತ್ತಾರೆ. ಊರಿಂದ ದೂರ, ಮರೆವಿನ ಕಾಯಿಲೆಯವರನ್ನು ಇಟ್ಟುಕೊಳ್ಳುವ ಒಂದು ಮನೆಗೆ. ಅಲ್ಲಿನ ನಿಯಮ ಎಂದರೆ ಮೊದಲ ಕೆಲವು ತಿಂಗಳು ಮನೆಯವರು ಯಾರೂ ನೋಡಲು ಬರಬಾರದು. ಬಂದರೆ ರೋಗಿ ಹೊಂದಿಕೊಳ್ಳುವುದಿಲ್ಲವಂತೆ. ಎಂಥ ನಿಯಮ ನೋಡಿ! ದಿನಕ್ಕೊಂದು ಹಿಡಿಯಂತೆ ಖಾಲಿಯಾಗುತ್ತಿರುವ ಮನುಷ್ಯನಲ್ಲಿ ಕೆಲವು ತಿಂಗಳಾದ ಮೇಲೆ ನೋಡಲು ಏನು ಉಳಿದಿರುತ್ತದೆ? ಅದಕ್ಕೇ ಚಾದರದಮ್ಮ ಮ್ಯಾನೇಜರನ ಕಾಲು ಹಿಡಿಯುವುದೊಂದು ಬಾಕಿ ಎನ್ನುವಷ್ಟು ಬೇಡಿ ಭಾನುವಾರದವರೆಗೆ ರಜೆ ಪಡೆದು ಬಂದಿದ್ದಳು. ಅವಳಿಗೆ ಬೇಕಾಗಿದ್ದದ್ದು ಬಹಳವೇನಲ್ಲ. ಅವನು ಹೋಗುವ ಮುಂಚೆ ಒಂದೇ ಒಂದು ಸಲ ಅವಳ ಮುಖ ನೋಡಿ, ಕಾಳು ಎನ್ನಬೇಕು. ಅಷ್ಟೇ.

ಕಾಳು ಎಂದರೆ ಹತ್ತಿಕಾಳು. ಅವರಪ್ಪ ಹಾಸಿಗೆ ಹೊಲಿಯುವವನು. ಉದ್ದನೆಯ ಒಂದೇ ಕೋಣೆ. ಮುಂದಿನ ಅರ್ಧ ಅಂಗಡಿ, ಹಿಂದಿನ ಅರ್ಧ ಮನೆ, ನಡುವೆ ಒಂದು ಪರದೆ. ಹತ್ತಿ ಮನೆಯೊಳಗೆ ಬರಬಾರದೆಂದು ಅಮ್ಮ ಕಟ್ಟಿದ ಪರದೆ ಅದು. ಹತ್ತಿಗೆ ಪರದೆ ಯಾವ ಲೆಕ್ಕ? ಊಟದ ತಟ್ಟೆಯಲ್ಲಿ ಹತ್ತಿ, ನೀರಿನ ಕೊಡದಲ್ಲಿ ಹತ್ತಿ, ಅಮ್ಮನ ರೆಪ್ಪೆಯ ಮೇಲೆ ಹತ್ತಿ. "ಈ ಮನೆಗೆ ಬಂದ ಮೇಲೆ ನಾನು ನುಂಗಿರೋ ಹತ್ತೀನ ನೂತಿದ್ರೆ ನನಗೆರಡು ಜೊತೆ ಬಟ್ಟೆ ಆಗ್ತಿತ್ತು," ಎಂದು ಅಮ್ಮ ಗೊಣಗುತ್ತಿದ್ದಳು. ಅಪ್ಪ ಅದಕ್ಕೆಲ್ಲ ಕಿವಿಗೊಡುವ ಪೈಕಿಯಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಯಾರಾದರೂ ಬುದ್ಧಿ ಹೇಳಿದರೆ, "ಕಾಲು ಯಾಕೆ ಮಡಚ್ತೀರಿ, ಉದ್ದಕ್ಕೆ ಹೊಲಿದು ಕೊಡ್ತೀನಿ ಬನ್ನಿ," ಎನ್ನುತ್ತಿದ್ದ. ಎಲ್ಲ ಗಿರಾಕಿಗಳಿಗೂ ಇದೇ ಜೋಕು. ಕೇಳಿ ಕೇಳಿ ಮನೆಯವರಿಗೆ ಸಾಕಾಗಿತ್ತು. ಅಪ್ಪನಿಗೆ ಮಾತ್ರ ಪ್ರತಿ ಸಲವೂ ಹೊಸದು.

ಅಪ್ಪನ ಹಾಸಿಗೆಗಳಿಗೆ ಹೆಸರು ಬಂದಿದ್ದು ಮೂಲೆಗಳಿಂದ. ಬೇರೆಯವರು ಹೊಲಿದ ಹಾಸಿಗೆಯ ಮೂಲೆ ಆರು ತಿಂಗಳಿಗೆ ನಾಯಿಯ ಕಿವಿಯ ಹಾಗೆ ಜೋತುಬೀಳುತ್ತಿತ್ತು. "ಮೂಲೆ ಸತ್ರೆ ಹಾಸಿಗೆ ಸತ್ತ ಹಾಗೆ," ಎನ್ನುವುದು ಅಪ್ಪನ ಸಿದ್ಧಾಂತ. ಕೋಲಿನಿಂದ ತುರುಕಿದರೆ ಅರಳೆ ಗಂಟು ಕಟ್ಟುತ್ತದೆ. ದೊಡ್ಡವರ ಕೈ ಅಷ್ಟು ದೂರ ಹೋಗುವುದಿಲ್ಲ. ಅದಕ್ಕೆ ಅಪ್ಪ ಕಂಡುಕೊಂಡ ಉಪಾಯ ಒಂದೇ: ಮಗಳನ್ನೇ ಒಳಗೆ ಕಳಿಸುವುದು. ಮೂರು ಬದಿ ಹೊಲಿದು ಒಂದು ಬದಿ ಬಿಟ್ಟ ಗವಸಿನೊಳಗೆ ಅವಳು ಅರಳೆಯ ಕಂತೆ ತಬ್ಬಿಕೊಂಡು ತೆವಳಿಕೊಂಡು ಹೋಗಬೇಕು. ಆಚೆ ತುದಿಯ ಮೂಲೆ ಮುಟ್ಟಿ, ಅರಳೆ ಬಿಡಿಸಿ, ಮುಷ್ಟಿಯಿಂದ ಗುದ್ದಿ ಗುದ್ದಿ ಕೂರಿಸಬೇಕು. ಬಿಳಿ ಅರಳೆಯೊಳಗೆ ಕಪ್ಪಗೆ, ಗಟ್ಟಿಯಾಗಿ, ಒಂದು ಕಡೆ ನಿಲ್ಲದೆ ಉರುಳುವ ಆ ಹುಡುಗಿಗೆ ಅಣ್ಣನೇ ಇಟ್ಟ ಹೆಸರು ಕಾಳು.

ಅಣ್ಣನ ಕೆಲಸ ಗವಸಿನ ಬಾಯಿ ಹಿಡಿದು ನಿಲ್ಲುವುದು. ಬಾಯಿ ಬಿದ್ದುಕೊಂಡರೆ ಒಳಗೆ ಗಾಳಿಯಿಲ್ಲ, ಬೆಳಕಿಲ್ಲ. ಎರಡೂ ಕೈಯಲ್ಲಿ ಬಟ್ಟೆ ಎತ್ತಿ ಹಿಡಿದು, ಒಳಗೆ ತಲೆ ಹಾಕಿ, ಅವಳಿಗೆ ಹೆದರಿಕೆಯಾಗದ ಹಾಗೆ ಕೂಗುತ್ತಲೇ ಇರಬೇಕು.

"ಕಾಳೂ, ಯಾವ ಮೂಲೆ?"

"ಒಲೆ ಮೂಲೆ!"

"ತುಂಬಿತಾ?"

"ಇಲ್ಲಾ!"

"ಈಗ?"

"ಇಲ್ಲಾ!"

"ನಿನ್ನ ಹೊಟ್ಟೆ?"

"ಅದೂ ಇಲ್ಲಾ!"

ಎರಡೇ ಮೂಲೆ: ಕಿಟಕಿಯ ಕಡೆಗಿದ್ದದ್ದು ಕಿಟಕಿ ಮೂಲೆ, ಪರದೆಯ ಕಡೆಗಿದ್ದದ್ದು ಒಲೆ ಮೂಲೆ. ಕಿಟಕಿ ಮೂಲೆಯಲ್ಲಿ ಪಟ್ಟೆ ಬಟ್ಟೆಯ ಮೂಲಕ ಬಿಸಿಲು ಬಂದು ಅವಳ ಕೈಮೇಲೆ ಕೆಂಪು ಪಟ್ಟೆ ಬೀಳುತ್ತಿತ್ತು. ಒಲೆ ಮೂಲೆಯಲ್ಲಿ ಬೆಳಕಿರಲಿಲ್ಲ, ಆದರೆ ಅಮ್ಮ ಸೌಟು ತಿರುವುವ ಸದ್ದು ಕೇಳುತ್ತಿತ್ತು. ಹೊಸ ಬಟ್ಟೆಯ ಗಂಜಿಯ ವಾಸನೆ, ಅರಳೆಯ ಎಣ್ಣೆ ಎಣ್ಣೆ ವಾಸನೆ, ಅಪ್ಪ ಹತ್ತಿ ಹಿಂಜುವ ಬಿಲ್ಲಿನ ಟಂಯ್ ಟಂಯ್ ಎಲ್ಲೋ ದೂರದಿಂದ. ಎಲ್ಲ ಕಡೆಯೂ ಮೆತ್ತಗೆ. ಬಿದ್ದರೂ ಪೆಟ್ಟಾಗದ ಜಾಗ ಭೂಮಿಯ ಮೇಲೆ ಅದೊಂದೇ ಇತ್ತು. ಅವಳು ಬೇಕೆಂದೇ "ಇಲ್ಲಾ, ಇಲ್ಲಾ" ಎನ್ನುತ್ತ ಒಳಗೇ ಉಳಿಯುತ್ತಿದ್ದಳು.

ಕೊನೆಗೆ ಹೊರಗೆ ಬಂದಾಗ ತಲೆ, ಹುಬ್ಬು, ಕಿವಿ ಎಲ್ಲ ಬೆಳ್ಳಗೆ. ಅಣ್ಣ ಚಪ್ಪಾಳೆ ತಟ್ಟಿ ಕುಣಿಯುತ್ತಿದ್ದ: "ಮುದುಕಿ ಬಂದ್ಲು! ಮುದುಕಿ ಬಂದ್ಲು!" ತಲೆಯಲ್ಲಿ ಹತ್ತಿ ಇಟ್ಟುಕೊಂಡು ಯಾರೂ ಪರದೆ ದಾಟುವ ಹಾಗಿಲ್ಲ ಎಂದು ಅಮ್ಮನ ಕಟ್ಟಪ್ಪಣೆ. ಹಾಗಾಗಿ ಅಣ್ಣ ಅವಳನ್ನು ಹೊಸ್ತಿಲ ಮೇಲೆ ಕೂರಿಸಿಕೊಂಡು, ಹಿಂದೆ ಕೂತು, ಕೂದಲಿನಿಂದ ಎಳೆ ಎಳೆಯಾಗಿ ಹತ್ತಿ ತೆಗೆಯುತ್ತಿದ್ದ. ಅವಳು ಚಡಪಡಿಸಿದರೆ ತಲೆಗೊಂದು ಮೊಟಕಿ, "ಅಲ್ಲಾಡಬೇಡ ಕಾಳು, ಇನ್ನೂ ಸ್ವಲ್ಪ ಇದೆ," ಎನ್ನುತ್ತಿದ್ದ.

ಬಾಲ್ಯವೆಂದರೆ ಸುಖವೆಂದು ಹಾಡಿ ಹೊಗಳುವವರನ್ನು ನಂಬಬೇಡಿ. ಆ ಮನೆಯಲ್ಲಿ ವರ್ಷವೆಲ್ಲ ಕೆಮ್ಮು. ಅಪ್ಪನ ಎದೆ ಕೊನೆಗೆ ಆ ಹತ್ತಿಯಿಂದಲೇ ಕಟ್ಟಿಹೋಯಿತು. ಚಾದರದಮ್ಮನಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಯಾರಾದರೂ ಬಂದು, ನಿನ್ನ ಉಳಿದ ಆಯುಸ್ಸನ್ನೆಲ್ಲ ಕೊಡು, ಆ ಹೊಸ್ತಿಲ ಮೇಲೆ ಒಂದು ಗಳಿಗೆ ಕೂರಿಸುತ್ತೇನೆ ಎಂದರೆ ಅವಳು ಚೌಕಾಸಿ ಮಾಡುತ್ತಿರಲಿಲ್ಲ.

ಆ ಮನೆಗೆ ಒಂದು ಕತೆಯೂ ಇತ್ತು. ನೆಂಟರು ಸೇರಿದಾಗಲೆಲ್ಲ ಅಪ್ಪ ಅದನ್ನು ಹೇಳಲೇಬೇಕು. ಒಂದು ದಿನ ಯಾರೋ ಗಿರಾಕಿ ತುದಿಗಾಲಲ್ಲಿ ನಿಂತು ಅವಸರ ಮಾಡುತ್ತಿದ್ದ. ಹೊರಗೆ ಅವನ ಗಾಡಿ ಕಾಯುತ್ತಿತ್ತು. ಒಲೆ ಮೂಲೆಗೆ ಹೋದ ಕಾಳು ಬೆಚ್ಚಗಿದೆಯೆಂದು ಅರಳೆಯ ಮೇಲೆ ತಲೆಯಿಟ್ಟು ನಿದ್ದೆಹೋದಳು. ಅಷ್ಟರಲ್ಲಿ ಬೀದಿಯಲ್ಲಿ ಯಾರೋ ಹೊಡೆದಾಡುತ್ತಿದ್ದಾರೆಂದು ಅಣ್ಣ ಗವಸಿನ ಬಾಯಿ ಬಿಟ್ಟು ನೋಡಲು ಓಡಿದ. ಅಪ್ಪ ತಿರುಗಿ ನೋಡಿದರೆ ಮಕ್ಕಳಿಬ್ಬರೂ ಇಲ್ಲ. ಇಬ್ಬರೂ ಜಗಳ ನೋಡಲು ಹೋಗಿದ್ದಾರೆ ಎಂದುಕೊಂಡು, ದಬ್ಬಣ ತೆಗೆದು, ಸರಸರ ಬಾಯಿ ಹೊಲಿದೇಬಿಟ್ಟ. ಅಣ್ಣ ವಾಪಸು ಬಂದಾಗ ಹಾಸಿಗೆ ಗಾಡಿಯ ಮೇಲಿತ್ತು. "ಕಾಳು ಎಲ್ಲಿ?" ಎಂದು ಕೇಳಿದ. "ನಿನ್ ಜೊತೆ ಬರಲಿಲ್ವಾ?" ಎಂದ ಅಪ್ಪ. ಅಣ್ಣ ಬೊಬ್ಬೆ ಹೊಡೆಯುತ್ತ ಗಾಡಿ ಹತ್ತಿ, ಕೈಯಿಂದ, ಹಲ್ಲಿನಿಂದ ಹೊಲಿಗೆ ಹರಿದ. ಒಳಗಿಂದ ಕಣ್ಣುಜ್ಜಿಕೊಳ್ಳುತ್ತ ಕಾಳು ಎದ್ದು ಬಂದಳು. ಅಪ್ಪ ಇಲ್ಲಿ ಸ್ವಲ್ಪ ನಿಲ್ಲಿಸಿ, ಎಲ್ಲರ ಮುಖ ನೋಡಿ, ಗಿರಾಕಿಯ ದನಿಯಲ್ಲಿ ಮುಗಿಸುತ್ತಿದ್ದ: "ನಾನು ಹತ್ತಿ ತುಂಬೋಕೆ ಹೇಳಿದ್ದಪ್ಪಾ, ಹುಡುಗೀನಲ್ಲ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಕಾಳುವೇ ನಗುತ್ತಿದ್ದಳು. ಅಣ್ಣ ಮಾತ್ರ ಅಪ್ಪ ಆ ಕಡೆಯ ಮಾತಿಗೆ ಬರುವಷ್ಟರಲ್ಲಿ ನೀರು ಕುಡಿಯಲೆಂದು ಎದ್ದು ಹೋಗುತ್ತಿದ್ದ. ಅದನ್ನು ಯಾರೂ ಗಮನಿಸಲಿಲ್ಲ.

ಅಪ್ಪನ ನಂತರ ಅಣ್ಣ ಅಂಗಡಿ ನಡೆಸಿದ. ಆಮೇಲೆ ಫೋಮ್ ಬಂತು. ಹಿಂಜುವುದು ಬೇಡ, ತುಂಬುವುದು ಬೇಡ. ಮೂಲೆಗಳು ಕಾರ್ಖಾನೆಯಿಂದಲೇ ಚೌಕವಾಗಿ ಬರುತ್ತವೆ. ಅಣ್ಣ ಕಡೆಗೆ ಅಂಗಡಿಗೆ ಬೀಗ ಹಾಕಿ ಒಂದು ಫೋಮ್ ಹಾಸಿಗೆಯ ಮಳಿಗೆಯಲ್ಲಿ ಕಾವಲುಗಾರನಾದ. ಬೆಕ್ಕಿನ ಅಂಗಡಿಗೆ ಇಲಿ ಕಾವಲು ಎಂದು ತಾನೇ ನಗೆಯಾಡುತ್ತಿದ್ದ. ಹೆಂಡತಿ ತೀರಿಹೋದ ಮೇಲೆ ಮಗಳ ಮನೆ ಸೇರಿದ. ಮಗಳು ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ದಿನವಿಡೀ ಜನರ ಕೈಲಿ ಬೈಸಿಕೊಂಡು ಬರುವವಳು. ಅಪ್ಪನಿಗೆ ಮರೆವು ಶುರುವಾದಾಗ ಅವಳು ಎದೆಗುಂದಲಿಲ್ಲ. ಬಾಗಿಲಿಗೆ ಹೊರಗಡೆ ಮೇಲೊಂದು ಚಿಲಕ ಹಾಕಿಸಿದಳು, ಒಲೆಯ ಗುಂಡಿ ಬಿಚ್ಚಿಟ್ಟಳು, ಮಗುವಿಗೆ ಉಣಿಸುವಂತೆ ಉಣಿಸಿದಳು. ಆದರೆ ಅವನು ಹಾಸಿಗೆಗಳನ್ನು ಹರಿಯಲು ತೊಡಗಿದ ಮೇಲೆ ಅವಳ ಕೈ ಸೋತಿತು.

ಮೊದಲು ತನ್ನ ಹಾಸಿಗೆ ಹರಿದ. ಆಮೇಲೆ ಮಗಳದು. ಚಾಕು ಕತ್ತರಿಗಳನ್ನೆಲ್ಲ ಬೀಗ ಹಾಕಿಟ್ಟರೆ ಉಗುರಿನಿಂದ ಕೆರೆದ, ಹಲ್ಲಿನಿಂದ ಕಚ್ಚಿದ. ಸೋಫಾದ ದಿಂಬನ್ನೂ ಬಿಡಲಿಲ್ಲ. ಒಂದು ದಿನ ಬಾಗಿಲು ತೆರೆದಿದ್ದಾಗ ಪಕ್ಕದ ಮನೆಗೆ ನುಗ್ಗಿ, ಅವರ ಹಾಸಿಗೆಯ ಹೊಲಿಗೆಗೆ ಬಾಯಿ ಹಾಕಿದ. ಬಿಡಿಸಲು ಬಂದವರ ಕೈಗೂ ಕಚ್ಚಿದ.

"ನಾನೇನು ಕಲ್ಲಾ ಅತ್ತೆ?" ಎಂದಳು ಅಣ್ಣನ ಮಗಳು, ಆ ಗುರುವಾರ ಕೆಲಸದಿಂದ ಬಂದು ಚಹಾದ ಲೋಟ ಮುಂದಿಟ್ಟುಕೊಂಡು. "ಪಕ್ಕದವರು ಪೊಲೀಸರನ್ನ ಕರೀತೀವಿ ಅಂದಿದ್ದಾರೆ. ಮನೆ ಮಾಲೀಕರು ಖಾಲಿ ಮಾಡು ಅಂದಿದ್ದಾರೆ. ನನಗೆ ಬೇರೆ ದಾರಿ ತೋರಿಸಿ, ನಾಳೇನೇ ಆ ಜಾಗ ಬೇಡ ಅಂತೀನಿ."

ತೋರಿಸಲು ಅತ್ತೆಯ ಹತ್ತಿರ ಯಾವ ದಾರಿ ಇತ್ತು? ತನ್ನ ಕೋಣೆಯಲ್ಲೇ ಅಣ್ಣನನ್ನು ಇಟ್ಟುಕೊಳ್ಳುತ್ತೇನೆಂದು ಮ್ಯಾನೇಜರನನ್ನು ಕೇಳಿಯಾಗಿತ್ತು. ಅವನು ಕೆಟ್ಟವನಲ್ಲ. ಪೂರ್ತಿ ಕೇಳಿಸಿಕೊಂಡು, "ಚಾದರದಮ್ಮಾ, ಇದು ಲಾಡ್ಜು. ಇಲ್ಲಿರೋದೇ ಹಾಸಿಗೆಗಳು," ಎಂದಿದ್ದ. ಅದಕ್ಕೆ ಎದುರು ಮಾತಿದೆಯೇ?

ಶುಕ್ರವಾರ ಅವಳು ಅಣ್ಣನ ಪಕ್ಕ ಕೂತು ಬೆಳಗಿನಿಂದ ಸಂಜೆಯವರೆಗೆ ಹಳೆಯದನ್ನೆಲ್ಲ ಹೇಳಿದಳು. ಪರದೆ, ಬಿಲ್ಲು, ಅಪ್ಪನ ಜೋಕು, ಅಮ್ಮನ ರೆಪ್ಪೆ. ಅವನು ಸಭ್ಯವಾಗಿ ತಲೆಯಾಡಿಸುತ್ತ ಕೇಳಿದ. "ಪಾಪ, ನಿಮ್ಮ ಮನೇಲೂ ಹತ್ತಿ ಕೆಲಸಾನಾ?" ಎಂದ. ಅವಳು ಒಂದು ಚೀಲ ಅರಳೆ ತಂದಿದ್ದಳು. ಅದನ್ನು ಅವನ ತೊಡೆಯ ಮೇಲೆ ಸುರಿದಳು. ಅವನ ಬೆರಳುಗಳು ತಾವಾಗಿಯೇ ಎಳೆ ಬಿಡಿಸತೊಡಗಿದವು. ಅವಳು ಹತ್ತಿರ ಸರಿದಳು. "ಒಳ್ಳೆ ಅರಳೆ ಅಮ್ಮಾ, ಎಳೆ ಉದ್ದ ಇದೆ," ಎಂದು ಹೇಳಿ ಅವನು ಅದನ್ನು ನೀಟಾಗಿ ಚೀಲಕ್ಕೆ ತುಂಬಿ ವಾಪಸು ಕೊಟ್ಟ.

"ಕಾಳು ಅಂತ ಒಂದು ಹುಡುಗಿ ಇದ್ದಳಲ್ಲ, ಅವಳು ನೆನಪಿದ್ದಾಳಾ?" ಎಂದು ಕೇಳಿಯೇಬಿಟ್ಟಳು.

ಅವನ ಮುಖ ತಟ್ಟನೆ ಬದಲಾಯಿತು. ಬಾಗಿಲ ಕಡೆ ನೋಡಿದ, ಅವಳ ಕಡೆ ನೋಡಿದ. "ನಿಮಗೆ ಯಾರು ಹೇಳಿದ್ದು?" ಎಂದ. ಆಮೇಲೆ ಗೋಡೆಯ ಕಡೆ ತಿರುಗಿ ಕೂತುಬಿಟ್ಟ. ಅವಳು ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿಟ್ಟು, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಈ ವಯಸ್ಸಿನಲ್ಲಿ ಹಾಗೆ ಅಳುವುದು ಅವಳಿಗೇ ನಾಚಿಕೆ ತರಿಸಿತು. ಆದರೂ ನಿಲ್ಲಲಿಲ್ಲ.

ಹರಿಯಲು ಇನ್ನು ಮನೆಯಲ್ಲಿ ಒಂದೇ ಹಾಸಿಗೆ ಉಳಿದಿತ್ತು, ಅಟ್ಟದ ಮೇಲೆ. ಅಂಗಡಿ ಮುಚ್ಚುವ ಮುಂಚೆ ಅಣ್ಣನೇ ಮಗಳಿಗೆಂದು ಹೊಲಿದ ಜೋಡಿ ಹಾಸಿಗೆ, ಕೆಂಪು ಪಟ್ಟೆಯದು. ನೆಲದ ಮೇಲೆ ಮಲಗಿ ಅವನ ಸೊಂಟ ಹಿಡಿದಿತ್ತೆಂದು ಶನಿವಾರ ಮಗಳು ಅದನ್ನು ಇಳಿಸಿ ಹಾಸಿ ಕೆಲಸಕ್ಕೆ ಹೋದಳು. "ಹರಿದರೆ ಹರೀಲಿ ಅತ್ತೆ, ಇನ್ನೊಂದು ದಿನ ತಾನೇ," ಎಂದಳು.

ಮಧ್ಯಾಹ್ನ ಚಾದರದಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಅಣ್ಣ ಹಾಸಿಗೆಯ ಪಕ್ಕ ಮಂಡಿಯೂರಿ ಕೂತಿದ್ದ. ಹರಿಯುತ್ತಿರಲಿಲ್ಲ. ಕಿವಿಯನ್ನು ಹಾಸಿಗೆಗೆ ಒತ್ತಿಟ್ಟು ಏನೋ ಕೇಳಿಸಿಕೊಳ್ಳುತ್ತಿದ್ದ. ಅಂಗೈಯಿಂದ ಮೆಲ್ಲಗೆ ತಟ್ಟಿದ. ಮತ್ತೆ ಕಿವಿಯಿಟ್ಟ. ಆಮೇಲೆ ಹೊಲಿಗೆಯ ಹತ್ತಿರ ಬಾಯಿ ತಂದು, ಯಾರಿಗೂ ಕೇಳಬಾರದೆಂಬಂತೆ ಪಿಸುಗುಟ್ಟಿದ: "ಯಾವ ಮೂಲೆ?"

ಅವಳಿಗೆ ಆಗ ಹೊಳೆಯಿತು. ಇಷ್ಟು ತಿಂಗಳಿಂದ ಅವನು ಹಾಸಿಗೆ ಹಾಳುಮಾಡುತ್ತಿರಲಿಲ್ಲ. ಹೊಲಿದುಹೋದ ತಂಗಿಯನ್ನು ಹುಡುಕುತ್ತಿದ್ದ. ಇಡೀ ಸಂಸಾರ ನಕ್ಕು ಮುಗಿಸಿದ ಆ ಕತೆ ಅವನಿಗೆ ಒಂದು ದಿನವೂ ನಗುವ ಕತೆಯಾಗಿರಲಿಲ್ಲ. ಎಲ್ಲ ಮರೆತ ಮೇಲೂ ಅವನು ಅದೊಂದನ್ನು ಮರೆತಿರಲಿಲ್ಲ.

ಅವಳು ಓಡಿಬಂದು ಅವನ ಎದುರು ಕುಸಿದು ಕೂತಳು. ಅವನ ಎರಡೂ ಕೈ ಹಿಡಿದು, "ಅಣ್ಣಾ, ಇಲ್ಲಿ ನೋಡೋ! ನಾನೇ ಕಾಳು. ಹೊರಗೆ ಬಂದಿದ್ದೀನಿ. ನೀನೇ ತೆಗೆದೆ ಕಣೋ ನನ್ನ, ಅವತ್ತೇ ತೆಗೆದೆ!" ಎಂದಳು.

"ಸುಮ್ನಿರಿ ಅಮ್ಮಾ!" ಅವನು ಕೈ ಕೊಡವಿಕೊಂಡ. "ಮಗು ಒಳಗೆ ಉಸಿರು ಕಟ್ಟಿ ಸಾಯ್ತಾ ಇದೆ, ನೀವು ಮಾತಾಡ್ಕೊಂಡು ಕೂತಿದ್ದೀರಲ್ಲ!"

ಸಂಜೆ ಅಣ್ಣನ ಮಗಳಿಗೆ ಎಲ್ಲ ಹೇಳಿದಳು. "ಇರಬಹುದು ಅತ್ತೆ," ಎಂದಳು ಅವಳು, ಕಣ್ಣೊರೆಸಿಕೊಂಡು. "ಕಾರಣ ಗೊತ್ತಾಯ್ತು. ಅದರಿಂದ ಹರಿಯೋದು ನಿಲ್ಲುತ್ತಾ?"

ನಿಲ್ಲಲಿಲ್ಲ. ಭಾನುವಾರ ಬೆಳಿಗ್ಗೆ ಮಗಳು ಅಪ್ಪನ ಬಟ್ಟೆಯ ಚೀಲ ಬಾಗಿಲ ಬಳಿ ಇಟ್ಟು, ಮನೆ ಸಿಗದೆ ಸುತ್ತುತ್ತಿದ್ದ ಗಾಡಿಯವನಿಗೆ ದಾರಿ ತೋರಿಸಲು ಮುಖ್ಯರಸ್ತೆಗೆ ಹೋಗಿದ್ದಳು. ಚಾದರದಮ್ಮ ಅಡುಗೆ ಕೋಣೆಯಲ್ಲಿ ಅವನಿಗಾಗಿ ಹಾಲು ಬಿಸಿ ಮಾಡುತ್ತಿದ್ದಳು. ಪರ್ರ್ ಎಂದು ಬಟ್ಟೆ ಹರಿದ ಸದ್ದಾಯಿತು. ಓಡಿ ಬಂದು ನೋಡಿದರೆ ಹಾಸಿಗೆಯ ಬಾಯಿ ಉದ್ದಕ್ಕೂ ಬಿಚ್ಚಿಕೊಂಡಿತ್ತು. ಅವನು ನಡುವಿನ ದಾರದ ಕಟ್ಟುಗಳನ್ನೆಲ್ಲ ಕಿತ್ತು, ಹಿಡಿ ಹಿಡಿಯಾಗಿ ಅರಳೆ ಹೊರಗೆಳೆಯುತ್ತಿದ್ದ. ಉಗುರಿನ ಸಂದಿಯಿಂದ ರಕ್ತ ಬಂದಿತ್ತು. ಕೋಣೆಯ ತುಂಬ ಹತ್ತಿ ಹಾರುತ್ತಿತ್ತು. "ಕಾಳೂ, ಕಾಳೂ," ಎಂದು ಚಿಕ್ಕ ಹುಡುಗನ ಹಾಗೆ ಅಳುತ್ತಿದ್ದ.

ಕರೆಸಿಕೊಳ್ಳಬೇಕೆಂದು ಅವಳು ಬೇಡಿಕೊಂಡ ಹೆಸರು ಅದೇ. ಆದರೆ ಅವಳ ಮುಖ ನೋಡಿ ಕರೆದಿದ್ದಲ್ಲ.

ಅವಳು ಯೋಚನೆ ಮಾಡಲಿಲ್ಲ. ಯೋಚಿಸಿದ್ದರೆ ಮಂಡಿ ನೋವು ನೆನಪಾಗುತ್ತಿತ್ತು, ವಯಸ್ಸು ನೆನಪಾಗುತ್ತಿತ್ತು. ನೆಲಕ್ಕೆ ಬಗ್ಗಿ, ಹೊರಬಿದ್ದ ಅರಳೆಯ ಒಂದು ಕಂತೆ ತಬ್ಬಿಕೊಂಡು, ಅವನ ತೋಳಿನ ಕೆಳಗಿಂದ ನುಸುಳಿ ಗವಸಿನೊಳಗೆ ತಲೆ ಹಾಕಿದಳು. ಭುಜ ಸಿಕ್ಕಿಕೊಂಡಿತು. ಬಟ್ಟೆ ಇನ್ನಷ್ಟು ಹರಿಯಿತು. ಮೊಣಕೈ ಊರಿ, ಏದುಸಿರು ಬಿಡುತ್ತ, ಅರಳೆಯನ್ನು ಆಚೀಚೆ ತಳ್ಳುತ್ತ ತೆವಳಿದಳು. ಹೇಗೋ ಏನೋ, ತುದಿಯ ಮೂಲೆ ಕೈಗೆ ಸಿಕ್ಕಿತು. ಗಟ್ಟಿಯಾಗಿತ್ತು ಮೂಲೆ. ಅಣ್ಣ ಯಾರನ್ನು ಒಳಗೆ ಕಳಿಸಿ ತುಂಬಿಸಿದ್ದನೋ, ಅಷ್ಟು ವರ್ಷವಾದರೂ ಮೂಲೆ ಸತ್ತಿರಲಿಲ್ಲ.

"ಒಲೆ ಮೂಲೆ!" ಎಂದು ಕೂಗಿದಳು.

ಹೊರಗಿನ ಅಳು ನಿಂತಿತು.

ಬಟ್ಟೆ ಮೇಲೆದ್ದಿತು. ಬೆಳಕು ಬಂತು, ಗಾಳಿ ಬಂತು. ಅವನು ಎರಡೂ ಕೈಯಲ್ಲಿ ಗವಸಿನ ಬಾಯಿ ಎತ್ತಿ ಹಿಡಿದಿದ್ದ. "ಕಾಳೂ?" ಎಂದ. "ಅಲ್ಲೇ ಇದ್ದೀಯಾ?"

"ಇಲ್ಲೇ ಇದ್ದೀನಿ ಅಣ್ಣಾ."

"ನಿದ್ದೆ ಮಾಡಬೇಡ್ವೇ! ನಿದ್ದೆ ಮಾಡಿದ್ರೆ ಅಪ್ಪ ಹೊಲಿದುಬಿಡ್ತಾನೆ."

"ಇಲ್ಲ, ಎದ್ದಿದ್ದೀನಿ."

"ನಾನು ಎಲ್ಲೂ ಹೋಗಲ್ಲ. ಬಾಯಿ ಹಿಡ್ಕೊಂಡೇ ಇರ್ತೀನಿ." ಬಟ್ಟೆಯನ್ನು ಇನ್ನಷ್ಟು ಎತ್ತಿದ. "ತುಂಬಿತಾ?"

"ಇಲ್ಲಾ!"

"ಈಗ?"

"ಇಲ್ಲಾ!"

"ನಿನ್ನ ಹೊಟ್ಟೆ?"

"ಅದೂ ಇಲ್ಲಾ!" ಎಂದಳು, ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ಪಟ್ಟೆ ಬಟ್ಟೆಯ ಮೂಲಕ ಬಿಸಿಲು ಬಂದು ಸುಕ್ಕುಗಟ್ಟಿದ ಕೈಮೇಲೆ ಕೆಂಪು ಪಟ್ಟೆ ಬಿದ್ದಿತ್ತು. ಅದೇ ಎಣ್ಣೆ ಎಣ್ಣೆ ವಾಸನೆ. ಅಡುಗೆ ಕೋಣೆಯಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಚುರ್ರೆಂದ ಸದ್ದು ಕೂಡ ಕೇಳಿತು. ಇಲ್ಲಿಂದ ಹೊರಗೆ ಹೋಗದಿದ್ದರೆ ಏನಾಗುತ್ತದೆ? ಹೀಗೇ ಇಲ್ಲಾ ಇಲ್ಲಾ ಎನ್ನುತ್ತ ಇದ್ದುಬಿಟ್ಟರೆ? ಆದರೆ ಎದೆ ಕಟ್ಟತೊಡಗಿತ್ತು. ಹತ್ತಿ ಮೂಗಿಗೆ, ಗಂಟಲಿಗೆ ಇಳಿಯುತ್ತಿತ್ತು. ಕೆಮ್ಮು ಬಂತು. ಆರು ವರ್ಷದ ಎದೆಯಾಗಿದ್ದರೆ ತಡೆಯುತ್ತಿತ್ತು.

"ಕೆಮ್ತಾ ಇದ್ದೀಯಾ? ಸಾಕು, ಬಾ ಹೊರಗೆ! ಬಾರೇ!" ಅವನು ಗಾಬರಿಯಿಂದ ಅವಳ ಪಾದ ಹಿಡಿದು ಎಳೆದ.

ಅವಳು ಹಿಂದೆ ಹಿಂದೆ ಸರಿದು ಹೊರಗೆ ಬಂದಳು. ಹೊರಗೆ ಬರುವುದೆಂದರೆ ಮತ್ತೆ "ಯಾರಮ್ಮಾ ನೀವು" ಎನ್ನಿಸಿಕೊಳ್ಳುವುದು. ಕಣ್ಣು ಬಿಡಲು ಹೆದರಿ, ಮುಖ ತಗ್ಗಿಸಿ, ನೆಲದ ಮೇಲೆ ಕೂತಳು. ತಲೆ, ಹುಬ್ಬು, ಕಿವಿಯ ಮೇಲೆಲ್ಲ ಅರಳೆ.

ಚಪ್ಪಾಳೆ ಕೇಳಿತು.

"ಮುದುಕಿ ಬಂದ್ಲು!" ಅವನು ನಗುತ್ತಿದ್ದ. ಕೆನ್ನೆಯ ಮೇಲೆ ಇನ್ನೂ ನೀರು ಇಳಿಯುತ್ತಿತ್ತು, ಆದರೂ ನಗುತ್ತಿದ್ದ. "ಮುದುಕಿ ಬಂದ್ಲು! ಏ ಕಾಳು, ನೋಡೇ ನಿನ್ನ ತಲೆ! ಅಮ್ಮ ಒಳಗೆ ಬಿಡ್ತಾಳಾ?"

ಅವಳ ಹಿಂದೆ ಬಂದು ಕೂತ. ಮಂಡಿಗಳು ಅವಳ ಭುಜಕ್ಕೆ ತಾಗಿದವು. ರಕ್ತ ಹೆಪ್ಪುಗಟ್ಟಿದ ಬೆರಳುಗಳು ಅವಳ ಕೂದಲಿನಲ್ಲಿ ಇಳಿದು ಎಳೆ ಎಳೆಯಾಗಿ ಹತ್ತಿ ತೆಗೆಯತೊಡಗಿದವು. ಮೊದಲು ಕಿವಿಯ ಹಿಂದೆ, ಆಮೇಲೆ ನೆತ್ತಿ. ಅದೇ ಕೈ. ಅದೇ ಹದ.

ಹೊರಗೆ ಗಾಡಿ ನಿಂತ ಸದ್ದಾಯಿತು. ಅಣ್ಣನ ಮಗಳು ಬಾಗಿಲಿಗೆ ಬಂದವಳು ಹಾಗೇ ನಿಂತಳು. ಕೋಣೆ ತುಂಬ ಹತ್ತಿ, ನಡುವೆ ಇವರಿಬ್ಬರು. "ಅಪ್ಪಾ," ಎಂದಳು ಮೆಲ್ಲಗೆ, "ಗಾಡಿ ಬಂತು."

"ಸ್ವಲ್ಪ ತಡೀರಿ ಅಮ್ಮಾ," ಎಂದ ಅವನು, ಮಗಳ ಕಡೆ ತಿರುಗದೆ. "ನಮ್ಮ ತಂಗಿ ತಲೇಲಿ ಹತ್ತಿ ಕೂತುಬಿಟ್ಟಿದೆ."

ಮಗಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಅವನು ತೆಗೆಯುತ್ತಲೇ ಇದ್ದ. ಅರಳೆಯೆಲ್ಲ ಬಂದಾಗಿತ್ತು, ನೆಲದ ಮೇಲೆ ಒಂದು ಸಣ್ಣ ಗುಡ್ಡೆಯಾಗಿತ್ತು. ಅವನ ಬೆರಳು ಈಗ ಒಂದು ಬಿಳಿ ಎಳೆ ಹಿಡಿದು ಎಳೆಯಿತು. ಬರಲಿಲ್ಲ. ಇನ್ನೊಂದನ್ನು ಎಳೆಯಿತು. ಅದೂ ಬರಲಿಲ್ಲ. ಬೆರಳಿಗೆ ಎಂಜಲು ಹಚ್ಚಿಕೊಂಡು ಉಜ್ಜಿದ. "ಇದೇನೇ, ಹೋಗ್ತಾನೇ ಇಲ್ಲ," ಎಂದ. ನಗು ಇರಲಿಲ್ಲ ದನಿಯಲ್ಲಿ. "ಎಷ್ಟು ಹೊತ್ತು ಒಳಗಿದ್ದೆ ನೀನು?"

ಹೊರಗೆ ಗಾಡಿಯವನು ಹಾರ್ನ್ ಒತ್ತಿದ. ಅಣ್ಣನ ಬೆರಳುಗಳು ಬೆಚ್ಚಿ ನಿಂತವು, ಏನೋ ತಪ್ಪಿದಂತೆ ತಡವರಿಸಿದವು. ಅವಳ ಗಲ್ಲ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಲು ನೋಡಿದ.

ತಿರುಗಿದರೆ ಮುಗಿಯಿತು. ಅವಳು ಕತ್ತು ಬಿಗಿಹಿಡಿದು ತಲೆಯನ್ನು ಇನ್ನಷ್ಟು ತಗ್ಗಿಸಿ, ಮೊಣಕಾಲ ನಡುವೆ ಮುಖ ಹುದುಗಿಸಿ, ಬರೀ ಕೂದಲನ್ನು ಅವನ ಕೈಗೆ ಕೊಟ್ಟಳು.

"ಇನ್ನೂ ಇದೆ ಅಣ್ಣಾ," ಎಂದಳು. "ತೆಗಿ."

ಗಲ್ಲದ ಮೇಲಿದ್ದ ಕೈ ಹಿಂದೆ ಸರಿಯಿತು. ಆಮೇಲೆ ನೆತ್ತಿಯ ಮೇಲೆ ಒಂದು ಸಣ್ಣ ಮೊಟಕು ಬಿತ್ತು, ಬೆರಳುಗಳು ಮತ್ತೆ ಕೂದಲಿಗಿಳಿದವು.

"ಹಾಗಾದ್ರೆ ಅಲ್ಲಾಡಬೇಡ ಕಾಳು."

ಅವಳು ಅಲ್ಲಾಡಲಿಲ್ಲ. ಗಾಡಿಯವನು ಮತ್ತೆ ಹಾರ್ನ್ ಒತ್ತಿದ.